ಆಗಸ್ಟ್ 14ರ ರಾತ್ರಿ ಎಲ್ಲಿ ಮಲಗೋದು?

ಸಂಪಾದಕರಿಗೆ ನಮಸ್ಕಾರ,

ವಿದೇಶಕ್ಕೆ ಓದೋಕೆ ಹೋಗೋ ಮಕ್ಕಳಿಗೆ ಅಂತ ನಿಮ್ಮ ಪತ್ರಿಕೆಲಿ ಆಗಾಗ ಬರೋ ಬರಹಗಳನ್ನ ನಾನಿಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ಕೂತ್ಕೊಂಡು ಮೊಬೈಲಲ್ಲಿ ಓದ್ತಿರ್ತೀನಿ. ವೀಸಾ ಇಂಟರ್‌ವ್ಯೂ, ಬ್ಯಾಂಕ್ ಲೋನು, ಯಾವ ಯೂನಿವರ್ಸಿಟಿ ಎಷ್ಟು ಫೀಸು, ಎಲ್ಲಾ ಇರತ್ತೆ. ಆದ್ರೆ ವಿಮಾನ ಇಳಿದ ಮೇಲೆ ಆ ಹುಡುಗ ಎಲ್ಲಿ ಮಲಗ್ತಾನೆ, ಯಾವ ಕಾಗದಕ್ಕೆ ಸಹಿ ಹಾಕ್ತಾನೆ ಅನ್ನೋದನ್ನ ಮಾತ್ರ ಯಾರೂ ಬರೆಯಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ಕತ್ತರಿಸ್ಲೇಬೇಕು ಅಂದ್ರೆ ಕೆರೆ ವಿಷಯ ಕತ್ತರಿಸಿ, ಡಿಪಾಸಿಟ್ ವಿಷಯಕ್ಕೆ ಮಾತ್ರ ಕತ್ತರಿ ಹಾಕ್ಬೇಡಿ.

ಮ್ಯಾಡಿಸನ್ ಅಂದ್ರೆ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ. 2020ರ ಜನಗಣತಿ ಪ್ರಕಾರ 2,69,840 ಜನ, ಅಂದ್ರೆ ದೊಡ್ಡ ಊರೂ ಅಲ್ಲ ಹಳ್ಳಿನೂ ಅಲ್ಲ. ಮೆಂಡೋಟ ಮತ್ತೆ ಮೊನೋನ ಅಂತ ಎರಡು ಲೇಕುಗಳ ಮಧ್ಯೆ ಸಿಕ್ಕಿಹಾಕ್ಕೊಂಡಿರೋ ಒಂದು ನೆಲದ ಪಟ್ಟಿ ಮೇಲೆ ಊರಿನ ನಡುಭಾಗ ಇದೆ, ತೀರಾ ಕಿರಿದಾಗೋ ಕಡೆ ಒಂದು ಮೈಲಿ ಅಗಲನೂ ಇಲ್ಲ. ಆ ಪಟ್ಟಿ ಮೇಲೇ ಕ್ಯಾಪಿಟಲ್ ಕಟ್ಟಡ, ಅಂದ್ರೆ ಇಲ್ಲಿನ ವಿಧಾನಸೌಧ, ಅಲ್ಲಿಂದ ಸ್ಟೇಟ್ ಸ್ಟ್ರೀಟ್ ಹಿಡಿದು ಪಶ್ಚಿಮಕ್ಕೆ ನಡೆದ್ರೆ 1848ರಲ್ಲಿ ಶುರುವಾದ ಯೂನಿವರ್ಸಿಟಿ. ಹುಡುಗ್ರೆಲ್ಲಾ ಅಲ್ಲೇ ಇರ್ಬೇಕು ಅಂತಾರೆ. ಅಕ್ಕಪಕ್ಕಕ್ಕೆ ಬೆಳೆಯೋಣ ಅಂದ್ರೆ ನೀರು, ಮೇಲಕ್ಕೆ ಬೆಳೆಯೋಣ ಅಂದ್ರೆ ಕ್ಯಾಪಿಟಲ್‌ನಿಂದ ಒಂದು ಮೈಲಿ ಒಳಗೆ ಅದರ ಗುಮ್ಮಟದ ಕಂಬಗಳ ಬುಡಕ್ಕಿಂತ ಎತ್ತರ ಕಟ್ಟೋ ಹಾಗಿಲ್ಲ ಅಂತ ಕಾನೂನು. ಇದರ ಮೇಲೆ ಪಕ್ಕದ ವೆರೋನಾದಲ್ಲಿ ಆಸ್ಪತ್ರೆ ಸಾಫ್ಟ್‌ವೇರ್ ಮಾಡೋ ಎಪಿಕ್ ಕಂಪನಿ ಬೇರೆ, ಅಲ್ಲಿ ಕೆಲ್ಸ ಮಾಡೋರಲ್ಲೂ ಸುಮಾರು ಜನ ಮ್ಯಾಡಿಸನ್‌ನಲ್ಲೇ ಮನೆ ಹುಡುಕ್ತಾರೆ. ಬಾಡಿಗೆ ಏರದೆ ಇನ್ನೇನಾಗತ್ತೆ ಹೇಳಿ. ರೆಂಟ್ ಇಷ್ಟೇ ಇರ್ಬೇಕು ಅಂತ ಮಿತಿ ಹಾಕೋ ಅಧಿಕಾರನೂ ಇಲ್ಲಿನ ಸಿಟಿಗೆ ಇಲ್ಲ, ರಾಜ್ಯದ ಕಾನೂನೇ ಅದನ್ನ ತಡೆದಿದೆ.

ಈಗ ತಲೆಬರಹದ ವಿಷಯಕ್ಕೆ ಬರ್ತೀನಿ. ಕ್ಯಾಂಪಸ್ ಸುತ್ತ ಬಹುಪಾಲು ಲೀಸುಗಳು (ಇಲ್ಲಿ ಲೀಸ್ ಅಂದ್ರೆ ತಿಂಗಳ ಬಾಡಿಗೆಯ ಕರಾರು) ಆಗಸ್ಟ್ 14ಕ್ಕೆ ಮುಗಿದು 15ಕ್ಕೆ ಹೊಸದು ಶುರುವಾಗತ್ತೆ, ಟೈಮು ಹೆಚ್ಚಾಗಿ ಮಧ್ಯಾಹ್ನ 12. ಅಂದ್ರೆ 14ನೇ ತಾರೀಕು ಮಧ್ಯಾಹ್ನ ಹಳೇ ಮನೆ ಕೀ ಕೊಟ್ಬಿಡ್ಬೇಕು, ಹೊಸ ಮನೆ ಕೀ ಮಾರನೇ ದಿನ ಮಧ್ಯಾಹ್ನ ಸಿಗತ್ತೆ, ನಡುವಿನ ಒಂದು ರಾತ್ರಿ ನೀವು ಯಾರಿಗೂ ಸೇರಿದವರಲ್ಲ. ಆ ಒಂದು ದಿನದಲ್ಲಿ ಮಾಲೀಕರು ಪೇಂಟು, ಕ್ಲೀನಿಂಗು ಎಲ್ಲಾ ಮುಗಿಸ್ಬೇಕಲ್ಲ, ಅದಕ್ಕೆ ಹೀಗೆ. ಸಾವಿರಾರು ಜನ ಒಂದೇ ದಿನ ಮನೆ ಖಾಲಿ ಮಾಡಿದ್ರೆ ಬೀದಿ ಹೇಗಿರತ್ತೆ ಅಂತ ಊಹಿಸ್ಕೊಳ್ಳಿ, ಟ್ರಕ್ ಬಾಡಿಗೆಗೆ ಸಿಗಲ್ಲ, ಹೋಟೆಲ್ ರೂಮು ಸಿಗಲ್ಲ, ಹುಡುಗ್ರು ಸಾಮಾನು ತುಂಬಿದ ವ್ಯಾನ್‌ನಲ್ಲೇ ಕಾಲು ಮಡಚ್ಕೊಂಡು ಮಲಗಿರ್ತಾರೆ. ಊರಿಂದ ಬರೋ ಮಕ್ಕಳಿಗೆ ಇದು ಗೊತ್ತೇ ಇರಲ್ಲ, 13ಕ್ಕೆ ಬಂದು ಇಳಿತಾರೆ, ಎರಡು ಸೂಟ್‌ಕೇಸು, ಒಂದು ಕುಕ್ಕರ್ರು, ಆಮೇಲೆ ಯಾರದೋ ನಂಬರ್ ಹಿಡಿದು ಫೋನ್ ಮಾಡ್ತಾರೆ, ಅಂಕಲ್ ಎರಡು ದಿನ ಇರಬೋದಾ ಅಂತ.

ಅದೇ ದಿನಗಳಲ್ಲಿ ಜನ ಬಿಟ್ಟುಹೋದ ಸೋಫಾ, ಮೇಜು, ಲ್ಯಾಂಪು, ಪುಸ್ತಕದ ಶೆಲ್ಫು ಎಲ್ಲಾ ಫುಟ್‌ಪಾತ್ ಪಕ್ಕ ರಾಶಿ ಬಿದ್ದಿರತ್ತೆ, ಯಾರು ಬೇಕಾದ್ರೂ ಎತ್ಕೊಂಡು ಹೋಗಬೋದು. ಇದಕ್ಕೆ ಇಲ್ಲಿನವರು ಹಿಪ್ಪಿ ಕ್ರಿಸ್‌ಮಸ್ ಅಂತಾರೆ. ಮರದ ಮೇಜು, ಕುರ್ಚಿ ಧಾರಾಳವಾಗಿ ತಗೊಳ್ಳಿ, ನಮ್ಮನೆ ಡೈನಿಂಗ್ ಟೇಬಲ್ಲೂ ಹಾಗೆ ಬಂದಿದ್ದೇ. ಆದ್ರೆ ಹಾಸಿಗೆ, ಬಟ್ಟೆ ಹೊದಿಸಿರೋ ಸೋಫಾ ಮುಟ್ಬೇಡಿ, ತಿಗಣೆ ಒಂದ್ಸಲ ಮನೆ ಹೊಕ್ರೆ ಆಮೇಲೆ ಬಿಟ್ಟಿ ಸೋಫಾದ ನಿಜವಾದ ರೇಟು ಗೊತ್ತಾಗತ್ತೆ.

ಡಿಪಾಸಿಟ್ ಕಥೆ ನಂದೇ ಹೇಳ್ತೀನಿ. ನಾನು ಬಂದ ಮೊದಲ ವರ್ಷ ಕೀ ಜೊತೆಗೆ ಎರಡು ಪುಟದ ಒಂದು ಫಾರಂ ಕೊಟ್ಟಿದ್ರು, ಚೆಕ್-ಇನ್ ಶೀಟ್ ಅಂತ. ಗೋಡೆ, ಕಾರ್ಪೆಟ್, ಕಿಟಕಿ, ಸ್ಟವ್ ಎಲ್ಲದರ ಮುಂದೆ ಖಾಲಿ ಜಾಗ, ಏನಾದ್ರೂ ಹಾಳಾಗಿದ್ರೆ ಬರೀರಿ ಅಂತ. ನಂಗೆ ನಿದ್ದೆ ಕಣ್ಣಲ್ಲಿ, ಆಮೇಲೆ ನೋಡೋಣ ಅಂತ ಅಡುಗೆಮನೆ ಡ್ರಾಯರ್‌ಗೆ ಹಾಕ್ದೆ. ಆ ಫಾರಂ ನಂಗೆ ಮತ್ತೆ ಕಂಡಿದ್ದು ಮನೆ ಖಾಲಿ ಮಾಡೋ ದಿನ, ಪಿಜ್ಜಾ ಕೂಪನ್‌ಗಳ ಕೆಳಗೆ. ಮಲಗೋ ರೂಮಿನ ಕಿಟಕಿ ಬ್ಲೈಂಡಿನ ಎರಡು ಪಟ್ಟಿ ನಾನು ಬರೋಕೆ ಮುಂಚೆನೇ ಮುರಿದಿತ್ತು, ಹೇಳೋಕೆ ಸಾಕ್ಷಿ ಏನಿದೆ? ಮೂರು ವಾರ ಆದ್ಮೇಲೆ ಒಂದು ಲಕೋಟೆ ಬಂತು, ಒಳಗೆ ಚೆಕ್ಕು ಮತ್ತೆ ಒಂದು ಪಟ್ಟಿ. ಕಾರ್ಪೆಟ್ ಕ್ಲೀನಿಂಗ್ 175 ಡಾಲರ್, ಬ್ಲೈಂಡ್ 40, ಸ್ಟವ್ ಮತ್ತು ಕೌಂಟರ್ 65. ಒಟ್ಟು 280 ಡಾಲರ್ ಕಟ್ ಮಾಡಿ ಮಿಕ್ಕಿದ್ದು ಕಳಿಸಿದ್ರು.

ಆಫೀಸಲ್ಲಿ ಒಬ್ಬರು, ಇಲ್ಲೇ ಹುಟ್ಟಿ ಬೆಳೆದವರು, ಆ ಪಟ್ಟಿ ನೋಡಿ ನಕ್ಬಿಟ್ರು. ಕಾರ್ಪೆಟ್‌ಗೆ ದುಡ್ಡು ಹಿಡಿಯೋ ಹಾಗಿಲ್ಲ ಕಣಯ್ಯಾ ಅನ್ನೋ ಧಾಟಿಲಿ ಹೇಳಿ ಎಟಿಸಿಪಿ 134 ಅನ್ನೋ ರಾಜ್ಯದ ನಿಯಮ ಓದು ಅಂದ್ರು. ಓದಿದೆ. ಬಾಡಿಗೆದಾರ ಒಳಗೆ ಬಂದು ಕನಿಷ್ಠ ಏಳು ದಿನದವರೆಗೆ ಮನೆ ಪರೀಕ್ಷೆ ಮಾಡಿ ಹಳೇ ಡ್ಯಾಮೇಜ್ ಬರೆದು ಕೊಡಬೋದು. ಬಿಟ್ಟಮೇಲೆ 21 ದಿನದೊಳಗೆ ಡಿಪಾಸಿಟ್ ವಾಪಸ್ ಕೊಡಬೇಕು, ಏನಾದ್ರೂ ಹಿಡ್ಕೊಂಡ್ರೆ ಯಾವುದಕ್ಕೆ ಎಷ್ಟು ಅಂತ ಬರೆದು ಕೊಡಬೇಕು. ದಿನನಿತ್ಯ ಓಡಾಡಿ ಸವೆದಿದ್ದಕ್ಕೆ, ಮಾಮೂಲಿ ಪೇಂಟಿಂಗಿಗೆ, ಮಾಮೂಲಿ ಕಾರ್ಪೆಟ್ ಕ್ಲೀನಿಂಗಿಗೆ ಹಿಡ್ಕೊಳ್ಳೋ ಹಾಗಿಲ್ಲ. ತಪ್ಪಾಗಿ ಹಿಡ್ಕೊಂಡು ವಿಷಯ ಕೋರ್ಟಿಗೆ ಹೋದ್ರೆ ನಷ್ಟದ ಎರಡು ಪಟ್ಟು ಕೊಡಬೇಕಾಗಿ ಬರಬೋದು. ಇದಿಷ್ಟನ್ನೂ ಇಟ್ಕೊಂಡು ಅರ್ಧ ಪುಟದ ಕಾಗದ ಬರೆದೆ, ಬೈಗುಳ ಇಲ್ಲ ಬೆದರಿಕೆ ಇಲ್ಲ, ನಿಯಮದ ನಂಬರು, ತಾರೀಕು, ನನ್ನ ಹೊಸ ವಿಳಾಸ ಅಷ್ಟೇ. ಹತ್ತು ದಿನಕ್ಕೆ 175 ಡಾಲರ್ ಚೆಕ್ಕು ಬಂತು, ಜೊತೆಗೆ ಒಂದು ಸಾಲು ಬರವಣಿಗೆನೂ ಇಲ್ಲ. ಬ್ಲೈಂಡಿನ 40 ಹೋಗೇ ಹೋಯ್ತು. ಸ್ಟವ್ ಮತ್ತೆ ಕೌಂಟರ್‌ದು ಮಾತ್ರ ನ್ಯಾಯವಾಗೇ ಕಟ್ ಮಾಡಿದ್ರು, ಬಿಳಿ ಕೌಂಟರ್ ಮೇಲೆ ಅಂಗೈ ಅಗಲ ಅರಿಶಿನದ ಕಲೆ, ಅದು ನಂದೇ, ಒಪ್ಕೋತೀನಿ.

ಅವತ್ತಿಂದ ಹೊಸ ಮನೆಗೆ ಹೋದ್ರೆ ಸಾಮಾನು ಒಳಗೆ ತರೋಕೆ ಮುಂಚೆ ವೀಡಿಯೋ ತೆಗಿತೀನಿ. ಫ್ರಿಜ್ ಒಳಗಡೆ, ಸಿಂಕ್ ಕೆಳಗಡೆ, ಬಾತ್‌ಟಬ್ ಅಂಚು, ಎಲ್ಲಾ. ಹೆಂಡತಿ ನಗ್ತಾಳೆ, ನಗ್ಲಿ ಬಿಡಿ. ಜಗಳ ಬಂದ್ರೆ ಹೇಗೆ ಅಂತ ಕೇಳೋಕೆ ಟೆನೆಂಟ್ ರಿಸೋರ್ಸ್ ಸೆಂಟರ್ ಅಂತ ಸಂಸ್ಥೆನೂ ಈ ಊರಲ್ಲಿದೆ, ಮಕ್ಕಳಿಗೆ ಆ ಹೆಸರು ಗೊತ್ತಿರ್ಲಿ.

ಲೀಸ್ ಅಂದ್ರೆ ಪೂರಾ 12 ತಿಂಗಳಿನ ಮಾತು. ಮಧ್ಯದಲ್ಲಿ ಬೇರೆ ಊರಲ್ಲಿ ಕೆಲ್ಸ ಸಿಕ್ತು, ಹೊರಡ್ತೀನಿ ಅಂದ್ರೆ ಬಾಡಿಗೆ ನಿಲ್ಲಲ್ಲ, ಆದ್ರೆ ಮಾಲೀಕರೂ ಸುಮ್ನೆ ಕೂತು ನಿಮ್ಮಿಂದ ವಸೂಲಿ ಮಾಡೋ ಹಾಗಿಲ್ಲ, ಬೇರೆಯವರಿಗೆ ಕೊಡೋಕೆ ಸರಿಯಾಗಿ ಪ್ರಯತ್ನ ಮಾಡ್ಲೇಬೇಕು ಅಂತ ವಿಸ್ಕಾನ್ಸಿನ್ ಕಾನೂನಲ್ಲಿದೆ. ನಾಲ್ಕು ಹುಡುಗ್ರು ಸೇರಿ ಒಂದೇ ಲೀಸಿಗೆ ಸಹಿ ಹಾಕಿದ್ರೆ ಸಾಮಾನ್ಯವಾಗಿ ನಾಲ್ಕೂ ಜನ ಪೂರ್ತಿ ಬಾಡಿಗೆಗೆ ಜವಾಬ್ದಾರರು, ಒಬ್ಬ ಡಿಸೆಂಬರ್‌ನಲ್ಲಿ ಕೈ ಎತ್ತಿದ್ರೆ ಅವನ ಪಾಲು ಮಿಕ್ಕ ಮೂವರ ತಲೆ ಮೇಲೆ. ಹಾಗಾಗಿ ರೂಮ್‌ಮೇಟ್ ಆಯ್ಕೆ ಅನ್ನೋದು ನಮ್ಮ ಕಡೆ ಸಂಬಂಧ ನೋಡೋ ಥರಾನೇ, ವಿಚಾರಿಸಿ ಮಾಡಿ. ಇನ್ನು, ಮನೆ ನೋಡ್ದೆ ಇರೋವಾಗ್ಲೇ ಅಡ್ವಾನ್ಸ್ ವೈರ್ ಮಾಡು ಅನ್ನೋ ಜಾಹೀರಾತಿಗೆ ಒಂದು ಡಾಲರ್ರೂ ಕಳಿಸ್ಬೇಡಿ, ಮನೆ ಫೋಟೋ ಎಲ್ಲಿಂದ ಬೇಕಾದ್ರೂ ಕದಿಯಬೋದು.

ಬಾಡಿಗೆ ಹೋಲಿಸುವಾಗ ಮೊದಲು ಕೇಳ್ಬೇಕಾದ ಪ್ರಶ್ನೆ ಹೀಟು ಸೇರಿದ್ಯಾ ಇಲ್ವಾ ಅನ್ನೋದು. ಹಳೇ ಇಟ್ಟಿಗೆ ಕಟ್ಟಡಗಳಲ್ಲಿ ರೇಡಿಯೇಟರ್ ಇರತ್ತೆ, ರಾತ್ರಿಯೆಲ್ಲಾ ಟಣ್ ಟಣ್ ಅಂತ ಸದ್ದು, ಆದ್ರೆ ಅದರ ಖರ್ಚು ಎಷ್ಟೋ ಸಲ ಬಾಡಿಗೆಲೇ ಸೇರಿರತ್ತೆ. ಗೋಡೆ ಬುಡದಲ್ಲಿ ಉದ್ದಕ್ಕೆ ಕರೆಂಟ್ ಹೀಟರ್ ಇರೋ ಮನೆ 100 ಡಾಲರ್ ಕಮ್ಮಿ ಅಂತ ಹಿಡಿದ್ರೆ ಜನವರಿ ಬಿಲ್ ಬಂದಾಗ ಲೆಕ್ಕ ತಲೆಕೆಳಗು. ಮನೆ ಒಳಗೆ 67 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 19 ಸೆಲ್ಸಿಯಸ್, ಕಾಯಿಸೋಕಾಗದ ಹೀಟರ್ ಇದ್ರೆ ಅದನ್ನ ಸಹಿಗೆ ಮುಂಚೆನೇ ಹೇಳ್ಬೇಕು ಅಂತ ನಿಯಮ ಇದೆ, ಕೇಳೋಕೆ ಸಂಕೋಚ ಬೇಡ. ಇನ್ನೊಂದು, ಸ್ಟವ್ ಮೇಲಿನ ಫ್ಯಾನು ಹೊಗೆನ ಹೊರಗೆ ಕಳ್ಸತ್ತಾ ಅಂತ ನೋಡಿ. ಎಷ್ಟೋ ಮನೇಲಿ ಆ ಫ್ಯಾನು ಹೊಗೆನ ಒಂದು ಜಾಲರಿಲಿ ಸೋಸಿ ವಾಪಸ್ ಮುಖಕ್ಕೇ ಊದತ್ತೆ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಬಿದ್ದ ಕೂಡ್ಲೇ ಸ್ಮೋಕ್ ಅಲಾರಂ ಕಿರುಚತ್ತೆ, ಆಗ ಸೊನ್ನೆಗಿಂತ 20 ಡಿಗ್ರಿ ಕೆಳಗಿರೋ ಚಳಿಗೆ ಕಿಟಕಿ ತೆಗೆದು, ಕುರ್ಚಿ ಹತ್ತಿ ಟವೆಲ್ ಬೀಸೋದು. ಒಗ್ಗರಣೆ ಅಷ್ಟರಲ್ಲಿ ಸೀದಿರತ್ತೆ.

ಕೆರೆ ವಿಷಯ ಸ್ವಲ್ಪ. ನಾವು ಕನ್ನಡದವರು ಬಾಯಿ ರೂಢಿಗೆ ಕೆರೆ ಅಂತೀವಿ, ಆದ್ರೆ ಮೆಂಡೋಟ ಸುಮಾರು 40 ಚದರ ಕಿಲೋಮೀಟರ್. ಲೇಕ್ ವ್ಯೂ ಅಂತ ಜಾಹೀರಾತಲ್ಲಿ ಇದ್ರೆ ಬಾಡಿಗೆ ಜಾಸ್ತಿ. ಆ ವ್ಯೂ ಜುಲೈನಲ್ಲಿ ಒಮ್ಮೊಮ್ಮೆ ಹಸಿರು ಪಾಚಿ ಕಟ್ಟಿ ನಾರತ್ತೆ, ಸುತ್ತಲಿನ ಹೊಲಗಳಿಂದ ಹರಿದು ಬರೋ ಗೊಬ್ಬರದ ರಂಜಕ ಅದಕ್ಕೆ ಮುಖ್ಯ ಕಾರಣ, ಈಜೋ ಜಾಗಗಳನ್ನ ಅವಾಗವಾಗ ಮುಚ್ತಾರೆ. ಜನವರಿ ಹೊತ್ತಿಗೆ ಅದೇ ನೀರು ಗಟ್ಟಿಯಾಗಿ ಅದರ ಮೇಲೆ ಜನ ನಡೀತಾರೆ, ತೂತು ಕೊರೆದು ಮೀನು ಹಿಡಿತಾರೆ. ನಾನು ಮೊದಲ ಸಲ ಕಾಲಿಟ್ಟಾಗ ಅಡಿಯಿಂದ ಡುಂ ಅಂತ ಸದ್ದು ಬಂತು, ಮಂಜುಗಡ್ಡೆ ಹಿಗ್ಗಿ ಕುಗ್ಗೋ ಸದ್ದು ಅದು, ನಾನು ದಡಕ್ಕೆ ಓಡಿದ್ದು ನೋಡಿ ಮೀನು ಹಿಡಿಯೋ ಅಜ್ಜ ಒಬ್ಬರು ಫ್ಲಾಸ್ಕಿಂದ ಕಾಫಿ ಬಗ್ಸಿ ಕೊಟ್ರು. ಈ ಲೇಕು ಯಾವತ್ತು ಹೆಪ್ಪುಗಟ್ತು, ಯಾವತ್ತು ಕರಗ್ತು ಅಂತ 1850ರ ದಶಕದಿಂದ ಬರೆದಿಟ್ಟಿದಾರೆ, ಹೆಪ್ಪುಗಟ್ಟಿರೋ ದಿನಗಳು ಕಮ್ಮಿ ಆಗ್ತಾ ಬಂದಿರೋದು ಆ ದಾಖಲೆಯಲ್ಲೇ ಕಾಣತ್ತೆ.

ಕಾರಿರೋರಿಗೆ ಒಂದು ಮಾತು. ನವೆಂಬರ್ 15ರಿಂದ ಮಾರ್ಚ್ 15ರವರೆಗೆ ರಾತ್ರಿ 1ರಿಂದ ಬೆಳಗ್ಗೆ 7ರ ತನಕ ರಸ್ತೆಯ ಒಂದೇ ಪಕ್ಕ ಪಾರ್ಕಿಂಗು, ಒಂದು ರಾತ್ರಿ ಈ ಕಡೆ ಮಾರನೇ ರಾತ್ರಿ ಆ ಕಡೆ, ಹಿಮ ತೆಗೆಯೋ ಗಾಡಿಗೆ ದಾರಿ ಬೇಕಲ್ಲ. ಊರಿನ ನಡುಭಾಗದಲ್ಲಿ ಮಾತ್ರ ಸ್ನೋ ಎಮರ್ಜೆನ್ಸಿ ಅಂತ ಘೋಷಿಸಿದ ರಾತ್ರಿಗಳಿಗಷ್ಟೇ ಇದು. ತಾರೀಕು ಸಮನಾ ಬೆಸನಾ ನೋಡಿ ಯಾವ ಪಕ್ಕ ಅಂತ ಲೆಕ್ಕ ಹಾಕೋದು ನಂಗೆ ಗೊತ್ತಿತ್ತು, ಆದ್ರೆ ರಾತ್ರಿ 12 ಆದ್ಮೇಲೆ ತಾರೀಕು ಬದಲಾಗತ್ತೆ ಅನ್ನೋದು ಹೊಳೀಲಿಲ್ಲ, ದಂಡದ ಟಿಕೆಟ್ ಬಿತ್ತು.

ಇಷ್ಟೆಲ್ಲಾ ಹೇಳಿ ಈ ಊರು ಬೇಡ ಅಂತಿದೀನಿ ಅಂದ್ಕೋಬೇಡಿ. ಬೇಸಿಗೇಲಿ ಶನಿವಾರ ಬೆಳಗ್ಗೆ ಕ್ಯಾಪಿಟಲ್ ಸುತ್ತ ರೈತರ ಸಂತೆ ಆಗತ್ತೆ, 1972ರಿಂದ ನಡೀತಿರೋದು, ಎಳೇ ಜೋಳ ತಗೊಂಡು ಮೊನೋನ ದಡದಲ್ಲಿ ಕೂತ್ರೆ ಎದ್ದು ಬರೋಕೆ ಮನಸ್ಸಾಗಲ್ಲ.

ನನ್ನ ಕೋರಿಕೆ ಇಷ್ಟೇ, ಮುಂದಿನ ಸಲ ಅಡ್ಮಿಷನ್ ಬಗ್ಗೆ ಪುಟ ಮಾಡುವಾಗ ಬಾಡಿಗೆ ಮನೆಗೂ ಅರ್ಧ ಕಾಲಂ ಕೊಡಿ, ಅದೂ ಅಕ್ಟೋಬರ್‌ನಲ್ಲೇ ಬರ್ಲಿ, ಯಾಕಂದ್ರೆ ಇಲ್ಲಿ ಮುಂದಿನ ಆಗಸ್ಟ್ ಮನೆಗೆ ಆ ಹೊತ್ತಿಗಾಗ್ಲೇ ಸಹಿ ಹಾಕೋಕೆ ಶುರು ಮಾಡಿರ್ತಾರೆ. ಈ ವರ್ಷ 13ಕ್ಕೆ ಮೂರು ಜನ ನಮ್ಮನೆಗೆ ಬರ್ತಿದಾರೆ. ಹಾಲಲ್ಲಿ ಜಾಗ ಮಾಡಿದೀನಿ, ಎಕ್ಸ್‌ಟ್ರಾ ಹಾಸಿಗೆ ಎರಡಿದೆ, ಎರಡೂ ಅಂಗಡಿಲಿ ದುಡ್ಡು ಕೊಟ್ಟು ತಂದಿದ್ದೇ.

ಇಂತಿ ನಿಮ್ಮ ಹಳೇ ಓದುಗ,
ಮ್ಯಾಡಿಸನ್, ವಿಸ್ಕಾನ್ಸಿನ್