ಗೊಬ್ಬರದ ಗುಡ್ಡೆಯಲ್ಲಿ ಚಿಗುರಿದ ಜೆರೇನಿಯಂ

ಶೆಫೀಲ್ಡ್, ಇಂಗ್ಲೆಂಡ್
ಅಕ್ಟೋಬರ್ 12

ಮಾತೃಶ್ರೀ ಅಮ್ಮನಿಗೆ ಪುಟ್ಟಿಯ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಲ್ಲಿ ಮಳೆ ಹಿಂದೆ ಸರಿಯಿತೋ ಇಲ್ಲವೋ, ಈ ಸಲ ಅಡಿಕೆಯಲ್ಲಿ ಕೊಳೆರೋಗಕ್ಕೆ ಎಷ್ಟು ಹೋಯಿತು, ಅಪ್ಪನ ಮಂಡಿನೋವು ಹೇಗಿದೆ, ಎಲ್ಲವನ್ನೂ ವಿವರವಾಗಿ ಬರೆ.

ಕಳೆದ ಭಾನುವಾರ ವಿಡಿಯೋ ಕರೆಯಲ್ಲಿ ನನ್ನ ಹಿತ್ತಲು ನೋಡಿ ನೀನು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದೆ. ಆ ನೀಲಿ ಹೂವಿನ ಗಿಡ ಯಾವುದು? ಜೆರೇನಿಯಂ ಎಂದರೆ ಲಾಲ್‌ಬಾಗಿನಲ್ಲಿ ಕುಂಡದಲ್ಲಿ ನೋಡಿದ ಕೆಂಪು ಹೂ ಅಲ್ಲವೇ? ಬರುವಾಗ ಅದರ ಬೇರಿನ ಒಂದು ತುಂಡು ತರಬಹುದೇ? ನಾನು ಬಾಯಿ ತೆರೆಯುವಷ್ಟರಲ್ಲಿ ಸಾಗರದಲ್ಲಿ ಕರೆಂಟು ಹೋಯಿತು. ಮತ್ತೆ ಕರೆ ಮಾಡಬಹುದಿತ್ತು. ಆದರೆ ಗಿಡದ ವಿಷಯವನ್ನು ನಿನಗೆ ಫೋನಿನಲ್ಲಿ ಹೇಳಿದರೆ ನಡುವೆ ಹತ್ತು ಬಾರಿ ಬಾಯಿ ಹಾಕುತ್ತೀಯ. ಕಾಗದದಲ್ಲಾದರೆ ಕೊನೆಯವರೆಗೂ ಕೇಳಲೇಬೇಕು.

ಮೊದಲು ಆ ಕೆಂಪು ಹೂವಿನ ಲೆಕ್ಕ ಮುಗಿಸುತ್ತೇನೆ. ಅದನ್ನು ಎಲ್ಲರೂ ಜೆರೇನಿಯಂ ಎಂದು ಕರೆದರೂ ಅದರ ಸರಿಯಾದ ಹೆಸರು ಪೆಲಾರ್ಗೋನಿಯಂ, ತವರು ದಕ್ಷಿಣ ಆಫ್ರಿಕ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇವೆರಡನ್ನೂ ಒಂದೇ ಕುಲಕ್ಕೆ ಸೇರಿಸಿಬಿಟ್ಟ. 1789ರಲ್ಲಿ ಫ್ರಾನ್ಸಿನ ಲೆರಿಟಿಯೇ ಎಂಬ ಸಸ್ಯಶಾಸ್ತ್ರಜ್ಞ ಬೇರೆ ಮಾಡಿದ. ಎರಡು ಶತಮಾನ ಕಳೆದರೂ ನರ್ಸರಿಯವರು ಅದನ್ನು ಕಿವಿಗೆ ಹಾಕಿಕೊಂಡಿಲ್ಲ. ಹೆಸರಿನ ಹಿಂದೆ ಒಂದು ಹಕ್ಕಿಯ ಕಥೆಯೂ ಇದೆ. ಎರಡರ ಕಾಯಿಗೂ ಉದ್ದನೆಯ ಕೊಕ್ಕು. ಗ್ರೀಕರಲ್ಲಿ ಕ್ರೌಂಚಪಕ್ಷಿಗೆ ಗೆರಾನೋಸ್, ಕೊಕ್ಕರೆಗೆ ಪೆಲಾರ್ಗೋಸ್. ಗುರುತು ಹಿಡಿಯಬೇಕಾದರೆ ಹೂವನ್ನು ಎದುರಿಗೆ ಹಿಡಿದು ನೋಡು. ನನ್ನ ಗಿಡದ ಹೂವಿನ ಐದೂ ಎಸಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಸಮ. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಎಸಳಿಗೂ ಕೆಳಗಿನ ಮೂರಕ್ಕೂ ಗಾತ್ರದಲ್ಲೋ ಗೆರೆಯಲ್ಲೋ ಸಾಮಾನ್ಯವಾಗಿ ವ್ಯತ್ಯಾಸವಿರುತ್ತದೆ.

ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ಈ ಮನೆಗೆ ಬಂದ ಮೊದಲ ವರ್ಷ ಮೇ ತಿಂಗಳಲ್ಲಿ ಒಂದು ಅಂಗಡಿಯಿಂದ ಜೆರೇನಿಯಂ ಎಂಬ ಚೀಟಿ ಅಂಟಿಸಿದ ಆರು ಕೆಂಪು ಹೂವಿನ ಗಿಡ ತಂದು ನೆಲದಲ್ಲಿ ನೆಟ್ಟೆ. ಬೇಸಿಗೆಯೆಲ್ಲ ದಸರೆಯ ಮೆರವಣಿಗೆಯ ಹಾಗೆ ಮೆರೆದವು. ಅಕ್ಟೋಬರ್ ಕೊನೆಯ ಒಂದು ರಾತ್ರಿ ಹಿಮ ಕಟ್ಟಿತು. ಬೆಳಗ್ಗೆ ನೋಡಿದರೆ ಆರೂ ಗಿಡ ಬೇಯಿಸಿದ ಬಸಳೆಯ ಹಾಗೆ ಕಪ್ಪಾಗಿ ಕುಸಿದು ಕೂತಿದ್ದವು. ನಾನು ಬಿಡಲಿಲ್ಲ. ವಸಂತದಲ್ಲಿ ಚಿಗುರುತ್ತವೆ ಎಂದು ಏಪ್ರಿಲ್‌ವರೆಗೆ ಆ ಕಡ್ಡಿಗಳ ಸುತ್ತ ಮಣ್ಣು ಕೆದಕುತ್ತಾ ಕಾದೆ.

ಅದೇ ಸೆಪ್ಟೆಂಬರ್‌ನಲ್ಲಿ ಪಕ್ಕದ ಮನೆಯ ಅಜ್ಜಿ ಇನ್ನೊಂದು ಗಿಡ ಕೊಟ್ಟಿದ್ದರು. ಎಂಬತ್ತು ದಾಟಿದವರು, ಬೇಲಿಯ ಮೇಲಿಂದಲೇ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಬೇರು ಚಾಚಿ ‘ಇದು ನಿಜವಾದದ್ದು’ ಎಂದಷ್ಟೇ ಹೇಳಿ ಒಳಗೆ ಹೋದರು. ಡಿಸೆಂಬರ್ ಹೊತ್ತಿಗೆ ಅದರ ಎಲೆಗಳೆಲ್ಲ ಹಳದಿಯಾಗಿ, ಕಂದಾಗಿ, ಕೊನೆಗೆ ನಾಲ್ಕು ಒಣ ಕಡ್ಡಿ ಉಳಿದವು. ಇದೂ ಹೋಯಿತು ಎಂದು ಬೇರು ಸಮೇತ ಕಿತ್ತು ಹಿತ್ತಲ ಮೂಲೆಯ ಗೊಬ್ಬರದ ಗುಡ್ಡೆಗೆ ಎಸೆದೆ. ಮಾರ್ಚ್‌ನಲ್ಲಿ ತರಕಾರಿ ಸಿಪ್ಪೆ ಹಾಕಲು ಹೋದವಳಿಗೆ ಆಲೂಗೆಡ್ಡೆ ಸಿಪ್ಪೆಯ ನಡುವಿನಿಂದ ಕೆಂಪು ಮೊಳಕೆಗಳು ಕಂಡವು. ಹತ್ತಿರ ಬಗ್ಗಿದರೆ, ಬೀಸಣಿಗೆಯ ಹಾಗೆ ಮಡಿಚಿಕೊಂಡ ಪುಟ್ಟ ಎಲೆಗಳು, ಪ್ರತಿಯೊಂದರ ಅಂಚಿಗೂ ರೋಮ.

ನೀನು ಈಗ ನಗುತ್ತಿರುತ್ತೀಯ. ನಗಬೇಕಾದ್ದೇ. ದೀಪಾವಳಿ ಕಳೆದ ಮೇಲೆ ಡೇರೆ ಗಿಡ ಒಣಗಿದಾಗ ಗಡ್ಡೆ ಅಗೆದು, ಮರಳಿನಲ್ಲಿ ಹೂತು, ಕೊಟ್ಟಿಗೆಯ ಮೂಲೆಯಲ್ಲಿಟ್ಟು ಮುಂದಿನ ಮಳೆಗಾಲಕ್ಕೆ ಮತ್ತೆ ನೆಡುವ ಮನೆಯಲ್ಲಿ ಹುಟ್ಟಿದವಳು ನಾನು. ಗಿಡ ಮಲಗುತ್ತದೆ ಎಂಬುದು ನನಗೆ ಹೊಸ ಮಾತಲ್ಲ. ಆದರೂ ಸತ್ತದ್ದಕ್ಕೆ ಆರು ತಿಂಗಳು ಕಾದು, ಬದುಕಿದ್ದನ್ನು ಎಸೆದೆ. ಅಜ್ಜಿಗೆ ಹೇಳುವಾಗ ನಾಚಿಕೆಯಾಯಿತು. ಅವರು ಮಾತ್ರ, ತಾವೂ ಮದುವೆಯಾದ ಹೊಸದರಲ್ಲಿ ಅತ್ತೆಯ ಗಿಡವೊಂದನ್ನು ಹಾಗೆಯೇ ಎಸೆದಿದ್ದಾಗಿ ಹೇಳಿದರು. ನನ್ನನ್ನು ಸಮಾಧಾನ ಮಾಡಲು ಕಟ್ಟಿದ ಕಥೆಯೋ ಏನೋ.

ಈಗ ಆ ನೀಲಿ ಹೂ. ಅದರ ಹೆಸರು ರೋಜಾನ್. ಸಾಮರ್ಸೆಟ್ ಎಂಬಲ್ಲಿ ವಾಟರರ್ ದಂಪತಿಯ ಮನೆಯ ತೋಟದಲ್ಲಿ ತಾನಾಗಿ ಹುಟ್ಟಿದ ಸಸಿ ಅದು. ಆ ಮನೆಯಾಕೆಯ ಹೆಸರನ್ನೇ ಇಟ್ಟು 2000ದಲ್ಲಿ ಮಾರಾಟಕ್ಕೆ ತಂದರು. ಲಂಡನ್ನಿನ ಚೆಲ್ಸಿ ಪುಷ್ಪ ಪ್ರದರ್ಶನಕ್ಕೆ ನೂರು ವರ್ಷವಾದಾಗ, 2013ರಲ್ಲಿ, ಶತಮಾನದ ಗಿಡ ಎಂಬ ಬಿರುದೂ ಇದಕ್ಕೇ ಸಿಕ್ಕಿತು. ಇಷ್ಟು ಇಂಗ್ಲಿಷ್ ಹೆಸರು ಹೊತ್ತ ಗಿಡದ ತಂದೆತಾಯಿ ಮಾತ್ರ ನಮ್ಮ ಹಿಮಾಲಯದವು. ಒಂದು ಹಿಮಾಲಯೆನ್ಸೆ ಎಂಬ ಜಾತಿ, ಇನ್ನೊಂದು ವಾಲಿಚಿಯಾನಮ್. ಎರಡನೆಯದು ನಥಾನಿಯಲ್ ವಾಲಿಚ್ ಹೆಸರಿನದು, ಕಲ್ಕತ್ತೆಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ಡೆನ್ಮಾರ್ಕಿನ ವೈದ್ಯ. ನೀನೂ ಚಿಕ್ಕಮ್ಮನೂ ಸೆಪ್ಟೆಂಬರ್‌ನಲ್ಲಿ ಬದರಿಗೆ ಹೋದಾಗ ಮಾಣಾ ಹಳ್ಳಿಯ ದಾರಿಯಲ್ಲಿ ಕಲ್ಲುಗಳ ನಡುವಿನ ನೇರಳೆ ಹೂವಿನ ಫೋಟೋ ತೆಗೆದಿದ್ದೆ, ನೆನಪಿದೆಯೇ? ಮೊನ್ನೆ ಅದನ್ನು ಹುಡುಕಿ ತೆಗೆದು ನೋಡಿದೆ. ಎಲೆಯ ಕಚ್ಚು, ಹೂವಿನ ನಡುವಿನ ಬಿಳುಪು ನೋಡಿದರೆ ಅದು ಇದರ ನೆಂಟನೇ ಇರಬೇಕು ಅನಿಸುತ್ತದೆ. ನನಗಿಂತ ಮೊದಲು ನೀನೇ ಇದರ ತವರಿಗೆ ಹೋಗಿ ಬಂದಿದ್ದೀಯ.

ರೋಜಾನ್ ಜೂನ್‌ನಲ್ಲಿ ಹೂ ಬಿಡಲು ಶುರು ಮಾಡಿದರೆ ಹಿಮ ಬೀಳುವವರೆಗೂ ನಿಲ್ಲಿಸುವುದಿಲ್ಲ. ಈ ಕಾಗದ ಬರೆಯುವಾಗಲೂ ಕಿಟಕಿಯಾಚೆ ಹೂವಿದೆ. ಒಂದೇ ಗಿಡ ಮೊಣಕಾಲೆತ್ತರಕ್ಕೆ ಬೆಳೆದು ಎರಡೂವರೆ ಅಡಿ ಅಗಲಕ್ಕೆ ಹರಡಿ ಪಕ್ಕದ ಗುಲಾಬಿಯ ಕಾಲು ಮುಚ್ಚಿದೆ. ಆದರೆ ಪರಿಮಳವಿಲ್ಲ. ನಿನ್ನ ಲೆಕ್ಕದಲ್ಲಿ ದೇವರಿಗೆ ಏರದ ಹೂ ಹೂವೇ ಅಲ್ಲ ಎಂಬುದು ಗೊತ್ತಿದೆ. ಅದಕ್ಕೇ ಗೌರಿ ಹಬ್ಬದ ದಿನ ಬೆಳಗ್ಗೆ ಹದಿನೈದು ಹೂ ಕೊಯ್ದು ಏರಿಸಿದೆ. ಮಧ್ಯಾಹ್ನ ಪಾಯಸ ಬಡಿಸುವ ಹೊತ್ತಿಗೆ ಅರ್ಧ ಎಸಳು ಉದುರಿದ್ದವು. ‘ಅರ್ಚನೆ ತಾನಾಗಿಯೇ ಆಗುತ್ತಿದೆ’ ಎಂದ ನಿನ್ನ ಅಳಿಯ. ಕೊಯ್ದರೆ ಬಾಳುವ ಹೂ ಅಲ್ಲ ಇದು, ಗಿಡದಲ್ಲೇ ಚೆಂದ.

ಸಿಂಬಳದ ಹುಳುವಿನ ಕಾಟ ಇಲ್ಲಿ ಎಷ್ಟೆಂದರೆ ನಾನು ಬಿತ್ತಿದ ಚೆಂಡು ಹೂವಿನ ಸಸಿಗಳನ್ನು ಒಂದೇ ರಾತ್ರಿಯಲ್ಲಿ ಮುಗಿಸಿದ್ದವು, ಡೇರೆಯ ಚಿಗುರನ್ನೂ ಬಿಡುವುದಿಲ್ಲ. ಜೆರೇನಿಯಂ ತಂಟೆಗೆ ಮಾತ್ರ ಹೆಚ್ಚಾಗಿ ಬರುವುದಿಲ್ಲ. ನಾನು ಈ ಗಿಡಕ್ಕೆ ಒಲಿದಿದ್ದಕ್ಕೆ ದೊಡ್ಡ ಕಾರಣ ಅದೇ ಎಂದರೆ ತಪ್ಪಿಲ್ಲ.

ಅಜ್ಜಿ ಆಮೇಲೆ ಇನ್ನೊಂದು ಬಗೆ ಕೊಟ್ಟರು, ಮ್ಯಾಕ್ರೊರೈಜಮ್ ಎಂದು. ಹಿಂದಿನ ಸೈಕಮೋರ್ ಮರದ ಬುಡದಲ್ಲಿ ಬಿಸಿಲೂ ಇಲ್ಲ, ನೀರನ್ನೆಲ್ಲ ಮರವೇ ಕುಡಿಯುತ್ತದೆ, ಹುಲ್ಲು ಕೂಡ ಬೆಳೆಯುತ್ತಿರಲಿಲ್ಲ. ಬೆರಳು ದಪ್ಪದ ಬೇರುಕಾಂಡವನ್ನು ಶುಂಠಿ ಮುರಿದ ಹಾಗೆ ಮುರಿದು ಅಡಿಗೊಂದರಂತೆ ಹೂಳಿದೆ. ಎರಡೇ ವರ್ಷದಲ್ಲಿ ಚಾಪೆ ಹಾಸಿದಂತೆ ಹಬ್ಬಿ ಕಳೆಗೆ ಜಾಗವೇ ಇಲ್ಲದಂತೆ ಮಾಡಿದೆ. ಇದರ ಎಲೆ ಉಜ್ಜಿದರೆ ರಾಳಕ್ಕೆ ಮಾವಿನ ಸೊನೆ ಬೆರೆಸಿದಂಥ ಘಾಟು. ಬಲ್ಗೇರಿಯದಲ್ಲಿ ಇದರಿಂದ ಸುಗಂಧ ತೈಲ ತೆಗೆಯುತ್ತಾರೆ. ನನಗೆ ಮೊದಲು ಇಷ್ಟವಾಗಲಿಲ್ಲ. ಈಗ ಆ ಕಡೆ ಹೋದಾಗೆಲ್ಲ ಒಂದು ಎಲೆ ಹರಿದು ಮೂಸದೆ ಬರುವುದಿಲ್ಲ.

ಆರೈಕೆಯಲ್ಲಿ ನೀನು ಮೆಚ್ಚುವ ಕೆಲಸ ಒಂದೇ, ಸವರುವುದು. ಮಲ್ಲಿಗೆಯನ್ನು ನೀನು ನಿರ್ದಯವಾಗಿ ಸವರುವಾಗ ನಾನು ಅಳುತ್ತಿದ್ದೆನಂತೆ. ನನ್ನ ಬಳಿ ಪ್ರಟೆನ್ಸೆ ಎಂಬ ಹುಲ್ಲುಗಾವಲಿನ ಜಾತಿಯೂ ಇದೆ. ಇಲ್ಲಿಂದ ಬಸ್ಸಿನಲ್ಲಿ ಡರ್ಬಿಶೈರ್‌ನ ಸುಣ್ಣಕಲ್ಲಿನ ಸೀಮೆಗೆ ಹೋದರೆ ಜುಲೈನಲ್ಲಿ ರಸ್ತೆಯ ಎರಡೂ ಬದಿಗೆ ಅದರದೇ ನೀಲಿ. ಮನೆಯಲ್ಲಿ ಅದರ ಮೊದಲ ಹೂ ಮುಗಿಯುತ್ತಲೇ ಎಲೆ, ಕಾಂಡ ಎಲ್ಲವನ್ನೂ ನೆಲದಿಂದ ಎರಡು ಅಂಗುಲ ಬಿಟ್ಟು ಕತ್ತರಿಸಿ ಎರಡು ಕೊಡ ನೀರು ಹೊಯ್ದೆ. ನಿನ್ನ ಅಳಿಯ ನೋಡಿ ಗಾಬರಿಯಾದ. ಮೂರು ವಾರದಲ್ಲಿ ಹೊಸ ಎಲೆಯ ಗುಪ್ಪೆ, ಆಗಸ್ಟ್ ಕೊನೆಗೆ ಮತ್ತೆ ಒಂದಷ್ಟು ಹೂ. ಗೊಬ್ಬರ ಹೆಚ್ಚು ಕೇಳುವುದಿಲ್ಲ. ಒಂದು ವರ್ಷ ನಿನ್ನ ಮಗಳು ಎಂಬ ಹಮ್ಮಿನಲ್ಲಿ ಧಾರಾಳವಾಗಿ ಹಾಕಿದೆ. ಎಲೆ ಸೊಕ್ಕಿ, ಗಿಡ ನಡುವೆ ಬಾಯಿಬಿಟ್ಟು ನಾಲ್ಕೂ ಕಡೆಗೆ ಒರಗಿತು. ಈಗ ಶರತ್ಕಾಲದಲ್ಲಿ ಉದುರಿದ ದರಗನ್ನು ಕೊಳೆಸಿ ಬುಡಕ್ಕೆ ಹರಡುವುದಷ್ಟೇ.

ಪ್ರಟೆನ್ಸೆಯಲ್ಲಿ ಕೆಲವು ಹೂವಿನ ಕಡ್ಡಿಗಳನ್ನು ಕತ್ತರಿಸದೆ ಬಿಟ್ಟಿದ್ದು ನಿನ್ನ ಮೊಮ್ಮಗಳ ಸಲುವಾಗಿ. ಗೌರಿ ಹೂವಿನ ಕಾಯಿ ಮುಟ್ಟಿದರೆ ಸಿಡಿಯುವುದನ್ನು ನಿನ್ನ ಅಂಗಳದಲ್ಲಿ ನೋಡಿದ್ದಾಳಲ್ಲ, ಇದೂ ಹಾಗೆಯೇ ಎಂದಾಗ ಸ್ಟೂಲು ಹಾಕಿಕೊಂಡು ಕೂತಳು. ಕೊಕ್ಕಿನ ಬುಡದಲ್ಲಿ ಐದು ಬೀಜ, ಒಂದೊಂದಕ್ಕೂ ಕೊಕ್ಕಿನ ತುದಿಯವರೆಗೆ ಒಂದು ಪಟ್ಟಿ. ಒಣಗಿದಾಗ ಪಟ್ಟಿ ಚಟ್ಟನೆ ಮೇಲಕ್ಕೆ ಸುರುಳಿಯಾಗಿ ಬೀಜವನ್ನು ಕವಣೆಯಂತೆ ಬೀಸುತ್ತದೆ. ಒಂದು ಬೀಜ ಅವಳ ಕನ್ನಡಕಕ್ಕೆ ಬಡಿಯಿತು. ಆ ಖುಷಿ ಎರಡು ದಿನ ಇತ್ತು. ರೋಜಾನ್ ಬಂಜೆ, ಬೀಜ ಕಟ್ಟುವುದಿಲ್ಲ. ಅದಕ್ಕೇ ಇಷ್ಟು ದಿನ ಹೂ ಬಿಡುತ್ತಲೇ ಇರುತ್ತದೆ ಎನ್ನುತ್ತಾರೆ.

ಅಪ್ಪನಿಗೆ ಇದೊಂದು ಓದಿ ಹೇಳು. 1787ರಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಎಂಬ ಶಾಲಾಮಾಸ್ತರರು ಕಾಡು ಜೆರೇನಿಯಂ ಒಂದರ ಎಸಳಿನ ಬುಡದಲ್ಲಿ ನವಿರಾದ ರೋಮ ಕಂಡು, ಇದು ಇಲ್ಲೇಕೆ ಎಂದು ತಲೆ ಕೆಡಿಸಿಕೊಂಡರು. ಮಕರಂದಕ್ಕೆ ಮಳೆ ನೀರು ಬೀಳದಿರಲಿ ಎಂದು, ಆ ಮಕರಂದ ಕೀಟಕ್ಕೆಂದು, ಹೀಗೆ ಎಳೆ ಹಿಡಿದು ಹೋಗಿ 1793ರಲ್ಲಿ ಹೂವಿಗೂ ಕೀಟಕ್ಕೂ ಇರುವ ನಂಟಿನ ಬಗ್ಗೆ ಪುಸ್ತಕವನ್ನೇ ಬರೆದರು. ಅಪ್ಪ ನಲವತ್ತು ವರ್ಷ ಪಾಠ ಹೇಳಿದವರು, ಮಾಸ್ತರರ ಕಥೆ ಎಂದರೆ ಮಂಡಿನೋವು ಮರೆಯುತ್ತಾರೆ.

ಇನ್ನು ನಿನ್ನ ಮೂರನೆಯ ಪ್ರಶ್ನೆ. ತರಲಾಗುವುದಿಲ್ಲ ಅಮ್ಮ. ಬೇರಿರುವ ಗಿಡವನ್ನು ಭಾರತಕ್ಕೆ ತರಬೇಕಾದರೆ ಆಮದು ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ ಎರಡೂ ಬೇಕು. ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ತಾ ಎಂದು ಚಿಕ್ಕಮ್ಮ ಹೇಳಿಕೊಡುವುದು ನನಗೆ ಗೊತ್ತು, ಅದು ಬೇಡ. ತಂದರೂ ನಮ್ಮ ಜುಲೈ ಮಳೆಯಲ್ಲಿ ಬೇರು ಕೊಳೆಯುತ್ತದೆ. ಮಲಗಲು ಅದಕ್ಕೆ ಚಳಿಗಾಲವೂ ಬೇಕು, ನಮ್ಮ ಜನವರಿ ಅದಕ್ಕೆ ಸಾಲದು. ಆಸೆಯಿದ್ದರೆ ಅಣ್ಣನಿಗೆ ಹೇಳಿ ಬೆಂಗಳೂರಿನಿಂದ ಆ ಕೆಂಪು ಹೂವಿನ ಪೆಲಾರ್ಗೋನಿಯಂ ಎರಡು ಕುಂಡ ತರಿಸು. ಮಳೆ ಬೀಳದ ಹಾಗೆ ಜಗಲಿಯ ಅಂಚಿನಲ್ಲಿ ಬಿಸಿಲಿಗಿಡು, ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕು. ನನ್ನ ಹಿಮ ಕೊಂದ ಗಿಡ ನಿನ್ನಲ್ಲಿ ವರ್ಷಗಟ್ಟಲೆ ಬಾಳಬಹುದು.

ಕಾಗದದ ಮಡಿಕೆಯಲ್ಲಿ ಒಣಗಿಸಿದ ಹೂವೊಂದಿದೆ, ಬಿಚ್ಚುವಾಗ ಫ್ಯಾನು ಆರಿಸಿಕೋ. ಬಣ್ಣ ಸ್ವಲ್ಪ ಮಂಕಾಗಿದೆ, ಆದರೆ ಎಸಳು ಐದೂ ಇವೆ, ಎಣಿಸಿಯೇ ಇಟ್ಟಿದ್ದೇನೆ. ಅತ್ತಿಗೆಗೆ ಉಪ್ಪಿನಕಾಯಿ ತಲುಪಿತೆಂದು ಹೇಳು, ಡಬ್ಬಿ ಸೋರಿತ್ತು, ರುಚಿಗೇನೂ ಆಗಿಲ್ಲ. ಈ ವರ್ಷ ಡೇರೆಯಲ್ಲಿ ಆ ಗಾಢ ಕೆಂಪಿನದು ಬಂತೇ, ಅಥವಾ ಹಂದಿ ತಿಂದವೇ? ಮರೆಯದೆ ಬರೆ.

ಇಂತಿ ನಿನ್ನ ಪ್ರೀತಿಯ,
ಪುಟ್ಟಿ