ಮಗಳಿಗೊಂದು ಪತ್ರ: ಸೋಪು ಮಾರಲು ಹೊರಟಾಗ

ಪ್ರೀತಿಯ ಮಗಳೇ,

ಹವ್ಯಾಸಕ್ಕೆಂದು ಮಾಡುತ್ತಿದ್ದ ಸೋಪನ್ನು ಇನ್ನು ಮಾರುತ್ತೇನೆ ಎಂದು ಬರೆದಿದ್ದೀಯ. ಖಂಡಿತ ಮಾರು. ಆದರೆ ಇಲ್ಲಿಯವರೆಗೆ ಪ್ರತಿ ಸಲವೂ ಹೊಸ ಬಣ್ಣ, ಹೊಸ ಪರಿಮಳ ಹಾಕುತ್ತಿದ್ದೆ. ಕೊಂಡವರು ಎರಡನೇ ಸಲ ಕೇಳಿಕೊಂಡು ಬಂದಾಗ ಅವರಿಗೆ ಬೇಕಾಗುವುದು ಮೊದಲು ಕೊಂಡ ಸೋಪೇ. ಅದನ್ನು ಅದೇ ಹದಕ್ಕೆ ಮತ್ತೆ ಮತ್ತೆ ತರುವುದು ಕೈಗೆ ಬರುವವರೆಗೆ ಒಂದೇ ಅಳತೆಯಲ್ಲಿ, ಎರಡೇ ಪರಿಮಳದಲ್ಲಿ ಮಾಡು.

ಒಂದು ಕಿಲೋ ಎಣ್ಣೆಯ ಲೆಕ್ಕ ಹೀಗೆ: ಆಲಿವ್ ಎಣ್ಣೆ 650 ಗ್ರಾಂ, ಕೊಬ್ಬರಿ ಎಣ್ಣೆ 300, ಹರಳೆಣ್ಣೆ 50. ಒಂದು ಗ್ರಾಂ ಎಣ್ಣೆ ಪೂರ್ತಿ ಸೋಪಾಗಲು ಆಲಿವಿಗೆ 0.134 ಗ್ರಾಂ ಕಾಸ್ಟಿಕ್ ಸೋಡಾ ಬೇಕು, ಕೊಬ್ಬರಿಗೆ 0.183, ಹರಳಿಗೆ 0.128. ಗುಣಿಸಿ ಕೂಡಿದರೆ 148.4 ಗ್ರಾಂ. ಅದರಲ್ಲಿ ಶೇ 5 ಕಳೆದು 141 ಗ್ರಾಂ ಹಾಕು. ಸ್ವಲ್ಪ ಎಣ್ಣೆ ಸೋಪಾಗದೆ ಉಳಿಯುವುದರಿಂದ ಚರ್ಮ ಒಣಗುವುದು ಕಡಿಮೆ. ತೂಕದಲ್ಲಿ ಒಂದೆರಡು ಗ್ರಾಂ ಆಚೀಚೆಯಾದರೂ ಸೋಪಿನಲ್ಲಿ ಸೋಡಾ ಮಿಗುವುದಿಲ್ಲ. ನೀರು ಸೋಡಾದ ಎರಡರಷ್ಟು, 282 ಗ್ರಾಂ. ನೀರನ್ನೂ ತೂಗಿಯೇ ಹಾಕು. ಒಂದು ಎಣ್ಣೆ ಸಿಗಲಿಲ್ಲವೆಂದು ಇನ್ನೊಂದನ್ನು ಸುರಿದರೆ ಸೋಡಾದ ಲೆಕ್ಕ ಹೊಸದಾಗಿ ಮಾಡಲೇಬೇಕು.

ಕನ್ನಡಕ, ಕೈಗವಸು ಇಲ್ಲದೆ ಸೋಡಾ ಮುಟ್ಟಬೇಡ. ನೀರಿಗೆ ಸೋಡಾ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಆದರೆ ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸೋಡಾ ಡಬ್ಬದ ಮುಚ್ಚಳವನ್ನೂ ನೋಡಿಕೋ. ಸಡಿಲವಿದ್ದರೆ ಗಾಳಿಯ ತೇವ ಹೀರಿ ಗಂಟುಕಟ್ಟುತ್ತದೆ. ಆಗ 141 ಗ್ರಾಂ ತೂಗಿದರೂ ಅದರಲ್ಲಿ ಅಷ್ಟು ಸೋಡಾ ಇರುವುದಿಲ್ಲ, ಸೋಪು ಮೆತ್ತಗೆ ಜಿಡ್ಡುಜಿಡ್ಡಾಗಿ ಉಳಿಯುತ್ತದೆ.

ಪರಿಮಳದ ಎಣ್ಣೆ 30 ಗ್ರಾಂ ಮೀರದಿರಲಿ. ಅದು ಮೇಲಿನ ಮಿತಿ ಅಷ್ಟೇ. ಕೆಲವು ಎಣ್ಣೆಗಳಿಗೆ ಚರ್ಮದ ಸುರಕ್ಷಿತ ಮಿತಿ ಇದಕ್ಕಿಂತ ಬಹಳ ಕಡಿಮೆ, ಮಾರುವವರಿಂದ ಕೇಳಿ ತಿಳಿದುಕೋ. ಲವಂಗದೆಣ್ಣೆ ಅಂಥದ್ದು. ಅದು ಬಿದ್ದರೆ ಮಿಶ್ರಣ ಅಚ್ಚಿಗೆ ಸುರಿಯುವ ಮೊದಲೇ ಪಾತ್ರೆಯಲ್ಲಿ ಗಟ್ಟಿಯಾಗಿಬಿಡಬಹುದು. ವೆನಿಲಾ ಪರಿಮಳ ಬಿಳಿ ಸೋಪನ್ನು ದಿನ ಕಳೆದಂತೆ ಕಂದು ಮಾಡುತ್ತದೆ. ಹೊಸ ಪರಿಮಳವನ್ನು 200 ಗ್ರಾಂ ಎಣ್ಣೆಯಲ್ಲಿ ಪರೀಕ್ಷಿಸಿಯೇ ದೊಡ್ಡ ಅಚ್ಚಿಗೆ ಹೋಗು.

ಅಚ್ಚಿನಿಂದ ತೆಗೆದು ಕತ್ತರಿಸಿದ ಮೇಲೆ ಸೋಪು 4ರಿಂದ 6 ವಾರ ಗಾಳಿಯಾಡುವ ಕಡೆ ಒಣಗಬೇಕು. ಈ ಕಾಯುವಿಕೆಯನ್ನು ಮಾತ್ರ ಯಾವ ಗಿರಾಕಿಯ ಅವಸರಕ್ಕೂ ಕಡಿಮೆ ಮಾಡಬೇಡ. ಎರಡೇ ವಾರಕ್ಕೆ ಪ್ಲಾಸ್ಟಿಕ್ ಸುತ್ತಿದರೆ ಒಳಗೆ ಬೆವರುತ್ತದೆ, ಲೇಬಲ್ಲಿನ ಶಾಯಿ ಹರಡುತ್ತದೆ, ಬಚ್ಚಲಿನಲ್ಲಿ ಬೇಗ ಕರಗಿಹೋಗುತ್ತದೆ. ಎರಡೂ ತುದಿ ತೆರೆದಿರುವ ಕಾಗದದ ಪಟ್ಟಿ ಸಾಕು. 120 ಗ್ರಾಮಿಗೆ ಕತ್ತರಿಸಿದ ಸೋಪು ನೀರು ಆರಿ 105ರ ಹತ್ತಿರ ಬರಬಹುದು, ಲೇಬಲ್ಲಿನಲ್ಲಿ ಒಣಗಿದ ತೂಕವನ್ನೇ ಹಾಕು. ಒಣಗುವಾಗ ತುಕ್ಕಿನಂಥ ಕಿತ್ತಳೆ ಚುಕ್ಕೆ ಎದ್ದು, ಮೂಸಿದರೆ ಹಳೆ ಎಣ್ಣೆಯ ಕಮಟು ಬಂದರೆ ಎಣ್ಣೆ ಕೆಟ್ಟಿದೆ ಎಂದರ್ಥ. ಎಣ್ಣೆಯ ಹಳೆಯ ದಾಸ್ತಾನು, ಸೋಪು ಒಣಗಲು ಇಡುವ ಲೋಹದ ಜಾಲರಿ ಎರಡೂ ಇದಕ್ಕೆ ಕಾರಣವಾಗುತ್ತವೆ. ಅಂಥ ಸೋಪನ್ನು ಮಾರುವಂತಿಲ್ಲ.

ಬೆಲೆಯ ವಿಷಯದಲ್ಲಿ ಹೆಚ್ಚಿನವರು ಎಣ್ಣೆಯ ಖರ್ಚನ್ನು ಎರಡರಷ್ಟು ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಇದು ತಪ್ಪು ಲೆಕ್ಕ. ತೂಗುವುದು, ಪಾತ್ರೆ ತೊಳೆಯುವುದು, ಪಟ್ಟಿ ಸುತ್ತುವುದು, ಗಿರಾಕಿಗಳಿಗೆ ಉತ್ತರಿಸುವುದು, ಪಾರ್ಸೆಲ್ ಕಟ್ಟುವುದು, ಎಲ್ಲಕ್ಕೂ ಗಡಿಯಾರ ನೋಡಿ ಕೂಲಿ ಹಾಕು; ಕಲಸುವುದಕ್ಕಿಂತ ಸುತ್ತುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಈ ಅಳತೆಗೆ 12 ಸೋಪು ಬಂದರೂ ಖರ್ಚನ್ನು 10ರಿಂದ ಭಾಗಿಸು, ಒಂದು ಮುರಿಯುತ್ತದೆ, ಒಂದು ನಿನ್ನ ಹತ್ತಿರ ಉಳಿಯಬೇಕು. ಅಂಗಡಿಯಲ್ಲಿ ಇಡುವುದಾದರೆ ಅವರ ಪಾಲು ಬೆಲೆಯ ಅರ್ಧದವರೆಗೂ ಹೋಗಬಹುದು. ಅದನ್ನು ಕೊಟ್ಟ ಮೇಲೂ ಕೂಲಿ ಉಳಿಯುವಂಥ ಬೆಲೆಯನ್ನು ಮೊದಲ ದಿನವೇ ಇಡು, ಆಮೇಲೆ ಏರಿಸುವುದು ಕಷ್ಟ. ಇನ್ನೊಂದು, ವಾರಕ್ಕೆ 12 ಮಾರಬೇಕೆಂದರೆ ಆರು ವಾರದ 72 ಸೋಪು ಸದಾ ಕಪಾಟಿನಲ್ಲಿ ಒಣಗುತ್ತಿರಬೇಕು. ಅಷ್ಟು ದುಡ್ಡು ಅಲ್ಲಿ ಕಟ್ಟಿಬಿದ್ದಿರುತ್ತದೆ.

ಸೋಪಿಗೆ ಸೌಂದರ್ಯವರ್ಧಕಗಳ ಕಾನೂನು ಅನ್ವಯಿಸುವುದು ಸಾಮಾನ್ಯ. ಪರವಾನಗಿ, ಲೇಬಲ್ ನಿಯಮಗಳನ್ನು ಮಾರುವ ಮೊದಲೇ ವಿಚಾರಿಸಿಕೋ. ತುರಿಕೆ, ಮೊಡವೆ ವಾಸಿಯಾಗುತ್ತದೆ ಎಂದು ಎಲ್ಲೂ ಬರೆಯಬೇಡ, ಅದು ಔಷಧಿಯ ಮಾತಾಗುತ್ತದೆ.

ಪ್ರತಿ ಬ್ಯಾಚಿಗೂ ಒಂದು ನಂಬರ್ ಕೊಟ್ಟು ಅದನ್ನು ಲೇಬಲ್ಲಿನ ಮೇಲೂ ಹಾಕು. ಪುಸ್ತಕದಲ್ಲಿ ತಾರೀಕು, ಎಣ್ಣೆ ಕೊಂಡ ದಿನ, ಪ್ರತಿಯೊಂದರ ತೂಕ ಬರೆದಿಡು. ಮಾರದೆ ಉಳಿಸಿಕೊಂಡ ಆ ಒಂದು ಸೋಪನ್ನು ವರ್ಷದವರೆಗೆ ಇಟ್ಟುಕೋ. ಯಾರಾದರೂ ಕೈ ಉರಿಯುತ್ತಿದೆ ಎಂದರೆ ವಾದಕ್ಕಿಳಿಯದೆ ಪುಸ್ತಕ ತೆರೆದು, ಆ ಸೋಪನ್ನು ತೆಗೆದು ನೋಡು. ತಪ್ಪು ಬ್ಯಾಚಿನದೇ ಆಗಿದ್ದರೆ ಅದನ್ನು ಕೊಂಡ ಉಳಿದವರಿಗೂ ನೀನೇ ಮೊದಲು ತಿಳಿಸಿ, ದುಡ್ಡು ವಾಪಸು ಕೊಡು.

ಇಂತಿ,
ನಿನ್ನ ಅಮ್ಮ