ಬೀಟಲ್ ಎಂಜಿನ್: ಅಳೆದ ಮೇಲೆ ಪಿಸ್ಟನ್ ತರಿಸಿ

ಮಾನ್ಯ ಸಂಪಾದಕರೆ,

ಕಾರವಾರ, ಶಿರಸಿ ಕಡೆ ಹಳೆಯ ಫೋಕ್ಸ್‌ವ್ಯಾಗನ್ ಬೀಟಲನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ‘ಇದು ಹದಿನಾರುನೂರು ಸಿಸಿಯ (ಸಿಲಿಂಡರುಗಳ ಒಟ್ಟು ಗಾತ್ರ) ಎಂಜಿನ್’ ಎಂಬ ಮಾತನ್ನೇ ನಂಬಿ ಪಿಸ್ಟನ್ ಸೆಟ್ ತರಿಸಬಾರದು. ಗಾಳಿಯಿಂದ ತಣಿಯುವ ಈ ಎಂಜಿನ್‌ನಲ್ಲಿ ಒಂದೊಂದು ಬ್ಯಾರೆಲ್ಲೂ (ಪಿಸ್ಟನ್ ಓಡಾಡುವ ಕೊಳವೆ) ಬಿಡಿಯಾಗಿ ಕಳಚಿ ಬರುತ್ತದೆ. ಇಷ್ಟು ವರ್ಷಗಳಲ್ಲಿ ಯಾರು ಯಾವ ಅಳತೆಯದನ್ನು ಕೂರಿಸಿದ್ದಾರೋ! ಡೈನಮೋ ಸ್ಟ್ಯಾಂಡಿನ ಕೆಳಗಿನ ಎಂಜಿನ್ ನಂಬರ್ ಕೇಸಿನ (ಬ್ಯಾರೆಲ್‌ಗಳು ಕೂರುವ ಎಂಜಿನ್ ಕವಚದ) ಮೂಲ ಹೇಳುತ್ತದೆಯೇ ಹೊರತು ಒಳಗೆ ಈಗ ಏನಿದೆ ಎಂದು ಹೇಳುವುದಿಲ್ಲ.

ಪ್ಲಗ್ ತೂತಿನಲ್ಲಿ ಕಡ್ಡಿ ಇಳಿಸಿ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ ನೋಡಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಪ್ಲಗ್ ಓರೆಯಾಗಿದೆ. ಬ್ಯಾರೆಲ್‌ಗಳ ಮೇಲೆ ಮುಚ್ಚಿದ ಹೆಡ್ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ ಜೊತೆ ಬ್ಯಾರೆಲ್ಲೂ ಎದ್ದು ಬರುತ್ತದೆ; ಹೆಡ್ ಬಿಗಿಯುವ ಉದ್ದನೆಯ ಸ್ಟಡ್‌ಗೆ ಪೈಪ್ ತುಂಡು ತೂರಿಸಿ, ವಾಶರ್, ನಟ್ ಹಾಕಿ ಅದನ್ನು ಹಿಡಿದಿಡಿ. ಬೋರನ್ನು (ಒಳವ್ಯಾಸವನ್ನು) ಬ್ಯಾರೆಲ್‌ನ ತಳದಲ್ಲಿ, ರಿಂಗ್ ಓಡಾಡದ ಜಾಗದಲ್ಲಿ ಅಳೆಯಿರಿ. ಮೇಲ್ಭಾಗ ಸವೆದಿರುತ್ತದೆ.

ಸಿಸಿ ಲೆಕ್ಕ ಹೀಗೆ: ಸೆಂಟಿಮೀಟರ್‌ನಲ್ಲಿ ಬೋರ್ × ಬೋರ್ × ಸ್ಟ್ರೋಕ್ × 0.7854, ಸಿಲಿಂಡರ್ ನಾಲ್ಕಾದ್ದರಿಂದ ಅದಕ್ಕೆ ನಾಲ್ಕರ ಗುಣಾಕಾರ. 8.55 ಬೋರ್, 6.9 ಸ್ಟ್ರೋಕ್ ಇದ್ದರೆ 1584 ಸಿಸಿ. ‘1600’ ಎನ್ನುವುದು ಇದಕ್ಕೇ. ಬೋರ್ ಒಂದನ್ನೇ ನೋಡಿದರೂ ಸಾಲದು: 1192 ಸಿಸಿಗೂ 1285 ಸಿಸಿಗೂ ಬೋರ್ 77 ಮಿ.ಮೀ. ಒಂದೇ, ಸ್ಟ್ರೋಕ್ ಮಾತ್ರ 64 ಮತ್ತು 69.

ಸಿಸಿ ಹೆಚ್ಚಿಸುವ ಆಸೆಯ ಬಗ್ಗೆ ಒತ್ತಿ ಹೇಳಬೇಕಾಗಿದೆ. ಕೇಸ್ ಕೊರೆಯದೆ ಹಾಗೇ ಕೂರುವ 88 ಮಿ.ಮೀ. ಬ್ಯಾರೆಲ್‌ಗೆ ಗೋಡೆ ತೀರಾ ತೆಳು. ಕಾದಾಗ ಅದರ ದುಂಡಗಿನ ಆಕಾರ ಕೆಡುತ್ತದೆ, ರಿಂಗ್ ಹಿಡಿಯುವುದಿಲ್ಲ, ಕಂಪ್ರೆಷನ್ ಇಳಿದು ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ. 90.5 ಮಿ.ಮೀ. ಬೋರಿನ 1776 ಸಿಸಿ ಬೇಕಿದ್ದರೆ ಕೇಸ್, ಹೆಡ್ ಎರಡನ್ನೂ ಕೊರೆಸಬೇಕು. ಆಗ ಗೋಡೆ ದಪ್ಪಗೇ ಇರುತ್ತದೆ. ಆದರೆ ಹೆಡ್ಡಿನ ಕುಳಿ ಅಷ್ಟೇ ಉಳಿದರೆ 7.5 ಇದ್ದ ಕಂಪ್ರೆಷನ್ ಅನುಪಾತ (ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬುದು) 8.3ರ ಆಸುಪಾಸಿಗೆ ಏರುತ್ತದೆ. ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತುವಾಗ, ಅದೂ ಏಪ್ರಿಲ್ ಸೆಕೆಯಲ್ಲಿ, ನಾಕಿಂಗ್ (ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿದು ಬರುವ ಟಕಟಕ ಸದ್ದು) ಶುರುವಾಗುವುದು ಇಂಥ ಕಡೆಯೇ. 1970ರವರೆಗಿನ ಮಾದರಿಗಳಲ್ಲಿ ಆಯಿಲ್ ಕೂಲರ್ ಮೂರನೇ ಸಿಲಿಂಡರಿನ ಗಾಳಿಗೇ ಅಡ್ಡ ಕೂತಿರುವುದರಿಂದ ಮೊದಲ ಪೆಟ್ಟು ಆ ಸಿಲಿಂಡರಿಗೆ. ಕರಾವಳಿಯಿಂದ ಘಟ್ಟಕ್ಕೆ ಓಡಾಡುವ ಕಾರಿಗೆ ಮೂಲ ಅಳತೆಯೇ ಲೇಸು.

ಕಾಗದಪತ್ರದ ಮಾತೂ ಇದೆ. ಎಂಜಿನ್ ಬದಲಾದರೆ ಆರ್‌ಸಿಯಲ್ಲೂ (ನೋಂದಣಿ ಪತ್ರ) ತಾಳೆಯಾಗಬೇಕು, ಇಲ್ಲವಾದರೆ ವಾಹನದ ಮಾರ್ಪಾಡಿಗೆ ಸಂಬಂಧಿಸಿದ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಥರ್ಡ್ ಪಾರ್ಟಿ ವಿಮೆಯ ದರ 1500 ಸಿಸಿ ದಾಟಿದರೆ ಬೇರೆ: 1493 ಸಿಸಿಯ ಬೀಟಲ್ ಕೆಳಗಿನ ದರಕ್ಕೆ, 1584ರದ್ದು ಮೇಲಿನ ದರಕ್ಕೆ ಬೀಳುತ್ತದೆ. 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸುವ ಯೋಚನೆಯಿದ್ದರೆ ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಬ್ಯಾರೆಲ್‌ಗೆ ಮುಂಗಡ ಕೊಡುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳಿ.

— ಹಳೆ ಕಾರುಗಳ ರಿಪೇರಿಯವರು, ಕುಮಟಾ